ಟ್ಯಾಪೆಟ್ ಸದ್ದಿನ ಚರಿತ್ರೆ

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಬೈಕು ಓಡಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಮನೆಯಂಗಳದಲ್ಲಿ ಟ್ಯಾಪೆಟ್ ಹೊಂದಿಸುವ ವಿದ್ಯೆಗೂ ಒಂದು ಚರಿತ್ರೆಯಿದೆ.

1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಅನಂತರದ ಯೆಜ್ದಿ, ಎರಡೂ ಟೂ-ಸ್ಟ್ರೋಕ್ ವಾಹನಗಳು. ಅವುಗಳಲ್ಲಿ ವಾಲ್ವ್‌ಗಳೇ ಇರಲಿಲ್ಲ. ಏರಿಳಿಯುವ ಪಿಸ್ಟನ್ನೇ ಸಿಲಿಂಡರಿನ ರಂಧ್ರಗಳನ್ನು ತೆರೆದು ಮುಚ್ಚುತ್ತಿತ್ತು. ಹೀಗಾಗಿ ನಮ್ಮ ನಾಡಿನ ಬೈಕು ಕೊಂಡವರಿಗೆ ಟ್ಯಾಪೆಟ್ಟಿನ ಚಿಂತೆಯಿರಲಿಲ್ಲ. ಅದಿದ್ದುದು, 1955ರಲ್ಲಿ ಮದರಾಸಿನಲ್ಲಿ ಜೋಡಣೆ ಆರಂಭವಾದ ಬುಲೆಟ್ಟಿನ ಒಡೆಯರಿಗೆ. ಅವರು ತಣ್ಣಗಿನ ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದು ಪುಶ್‌ರಾಡನ್ನು ಬೆರಳಿನಿಂದ ಪರೀಕ್ಷಿಸುತ್ತಿದ್ದರು: ಅದು ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಿತು. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ಈ ಫೋರ್-ಸ್ಟ್ರೋಕ್ ಬೈಕು ಜನಪ್ರಿಯವಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. 2000ದ ಹೊಗೆ ನಿಯಮಗಳು ಟೂ-ಸ್ಟ್ರೋಕ್ ಬೈಕುಗಳನ್ನು ಮತ್ತಷ್ಟು ಹಿಂದೆ ಸರಿಸಿದವು. 0.05 ಮಿ.ಮೀ. ಸಂದನ್ನು ಅಳೆಯುವ ಫೀಲರ್ ಗೇಜು ಸಾಮಾನ್ಯರಿಗೂ ಬೇಕಾಯಿತು.

ಕಾಯಿಸಿದ ಲೋಹ ಹಿಗ್ಗುತ್ತದೆಂದು ತರಗತಿಯಲ್ಲಿ ಕಲಿತಿದ್ದೀರಿ. ವಾಲ್ವಿನ ದಂಡಕ್ಕೆ ಹಿಗ್ಗಲು ಬಿಟ್ಟ ಜಾಗವೇ ಆ ಸಂದು. ಅದು ಹೆಚ್ಚಾದರೆ ಟಕಟಕ ಸದ್ದು ಎಚ್ಚರಿಸುತ್ತದೆ. ತೀರಾ ಕಡಿಮೆಯಾದರೆ ಸದ್ದೇ ಇರುವುದಿಲ್ಲ. ಪೂರ್ತಿ ಮುಚ್ಚದ ವಾಲ್ವಿನ ಅಂಚನ್ನು ನುಸುಳುವ ಬಿಸಿ ಅನಿಲ ಸುಡುತ್ತದೆ. ಆದುದರಿಂದ ಸದ್ದಡಗಿಸುವ ಆತುರದಲ್ಲಿ ತಿರುಪನ್ನು ಅತಿಯಾಗಿ ಬಿಗಿಯಬೇಡಿ. ಎಂಜಿನ್ ತಣ್ಣಗಿರಲಿ, ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಲಿ, ಅಳತೆ ನಿಮ್ಮ ಬೈಕಿನ ಕೈಪಿಡಿಯದ್ದಾಗಿರಲಿ. ಮೌನವೆಲ್ಲ ಆರೋಗ್ಯದ ಲಕ್ಷಣವಲ್ಲ.