ಮಲಗುವ ಹುಳು, ಮಲಗದ ಹುಳು

ಅಮೆರಿಕ ಖಂಡದ ಮೆಕ್ಕೆಜೋಳ 16ನೇ ಶತಮಾನದಲ್ಲಿ ಆಫ್ರಿಕಾಕ್ಕೆ ಬಂದಾಗ, ಕಾಡುಹುಲ್ಲು ಮತ್ತು ಜೋಳದ ದಂಟು ಕೊರೆಯುವ ಹುಳು ಅಲ್ಲಿ ಮೊದಲೇ ಇತ್ತು. ಹೆಸರು ಬುಸ್ಸಿಯೋಲಾ ಫಸ್ಕಾ. ಒಣಕಾಲವಿಡೀ ಅದು ಹೊಲದಲ್ಲಿ ಉಳಿದ ದಂಟಿನೊಳಗೆ ಮಲಗಿರುತ್ತದೆ; ಮಳೆ ಬಿದ್ದ ಮೇಲೆ ಪತಂಗವಾಗಿ ಹೊರಬರುತ್ತದೆ. ಮೊದಲ ಪೀಳಿಗೆಯಲ್ಲಿ ಹುಳು ಕಡಿಮೆ, ಎರಡನೆಯದರಲ್ಲಿ ಹೆಚ್ಚು. ಅಷ್ಟರಲ್ಲಿ ಮೊದಲ ಮಳೆಗೇ ಬಿತ್ತಿದ ಪೈರು ಬಲಿತಿರುತ್ತದೆ. ತಡವಾಗಿ ಬಿತ್ತಿದ ಎಳೆಪೈರು ಸಿಕ್ಕಿಬೀಳುತ್ತದೆ. ಬೇಗ ಬಿತ್ತಿ, ಹಳೆ ದಂಟು ಉಳಿಸಬೇಡಿ ಎಂಬ ಸಲಹೆಯ ಬೇರು ಇಲ್ಲಿದೆ.

2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ, 2018ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಈ ಲೆಕ್ಕ ಕೆಡಿಸಿತು. ಮೆಕ್ಕೆಜೋಳದಂತೆ ಇದೂ ಅಮೆರಿಕದ್ದು. ಆದರೆ ಇದು ಮಲಗುವುದೇ ಇಲ್ಲ. ಬೆಚ್ಚಗಿನ ಸೀಮೆಯಲ್ಲಿ ವರ್ಷವಿಡೀ ಎಳೆ ಸುಳಿ ಹುಡುಕುತ್ತದೆ. ಮುಂಚೆ ಬಿತ್ತಿದವರ ಹೊಲದಲ್ಲಿ ಹೆಚ್ಚಿ, ತಡವಾಗಿ ಬಿತ್ತಿದವರ ಹೊಲಕ್ಕೆ ದಾಟುತ್ತದೆ. ಹಾಗಾಗಿ ಈಗಿನ ಸಲಹೆ: ಊರೆಲ್ಲ ಒಟ್ಟಿಗೆ ಬಿತ್ತಿ.

ಮಾತು ಸರಿಯೇ. ಆದರೆ ಬಾಡಿಗೆ ಟ್ರಾಕ್ಟರಿಗೆ, ಬೀಜದ ಸಾಲಕ್ಕೆ ಕಾಯುವ ರೈತನಿಗೆ ಹದ ಸಿಕ್ಕ ದಿನವೇ ಬಿತ್ತಲಾಗುವುದಿಲ್ಲ. ಮೊದಲು ಬಿತ್ತನೆಯ ದಿನ ಅವನೊಬ್ಬನ ಲೆಕ್ಕವಾಗಿತ್ತು. ಈಗ ಅದು ಊರಿನ ಲೆಕ್ಕ. ತಡವಾದವನಿಗೆ ಟ್ರಾಕ್ಟರು ಮೊದಲು ಕಳಿಸುವುದೂ ಈಗ ಕೀಟ ನಿಯಂತ್ರಣವೇ.