ಬೆಂಗಳೂರು ನೀಲಿಯ ಊರು ಯಾವುದು?

ರಾಯಚೂರಿನ ತೀನ್ ಕಂದೀಲ್ ಹತ್ತಿರ ಬೀಜದ ಕರಿ ದ್ರಾಕ್ಷಿ ಕೊಳ್ಳುತ್ತಿದ್ದೆ. ‘ಇದು ನಮ್ಮ ಕಡೀದಲ್ರೀ, ಬೆಂಗ್ಳೂರಿಂದು’ ಎಂದರು ತಳ್ಳುಗಾಡಿಯವರು. ಆ ಮಾತು ತಲೆಯಲ್ಲೇ ಉಳಿಯಿತು. ಏಕೆಂದರೆ ಆ ಹಣ್ಣು ಮೂಲದಲ್ಲಿ ಬೆಂಗಳೂರಿನದೂ ಅಲ್ಲ.

ನಾವು ‘ಬೆಂಗಳೂರು ನೀಲಿ’ ಎನ್ನುವ ತಳಿಯನ್ನು ತೋಟಗಾರಿಕೆಯ ಪುಸ್ತಕಗಳು ‘ಇಸಾಬೆಲ್ಲಾ’ ಎಂದು ಗುರುತಿಸುತ್ತವೆ. ಅಮೆರಿಕದ ಕಾಡುಬಳ್ಳಿಗೂ ಯುರೋಪಿನ ದ್ರಾಕ್ಷಿಗೂ ಹುಟ್ಟಿದ ಮಿಶ್ರತಳಿ ಇದು. 1816ರ ಸುಮಾರಿಗೆ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನಲ್ಲಿ ಸಸಿ ಮಾರುತ್ತಿದ್ದ ವಿಲಿಯಂ ಪ್ರಿನ್ಸ್ ಇದನ್ನು ಬೆಳಕಿಗೆ ತಂದ. ಬಳ್ಳಿ ಇದ್ದದ್ದು ಇಸಾಬೆಲ್ಲಾ ಗಿಬ್ಸ್ ಎಂಬಾಕೆಯ ತೋಟದಲ್ಲಿ. ಹಾಗಾಗಿ ಅವಳ ಹೆಸರೇ ಅದಕ್ಕೆ ಬಂತು.

ಹತ್ತೊಂಬತ್ತನೆಯ ಶತಮಾನದ ನಡುವೆ ಯುರೋಪಿನ ದ್ರಾಕ್ಷಿತೋಟಗಳಿಗೆ ಬೂದಿರೋಗ ಬಡಿಯಿತು. ಇಸಾಬೆಲ್ಲಾ ರೋಗವನ್ನೂ ತಡೆಯಿತು, ಚಳಿಯನ್ನೂ ತಡೆಯಿತು. ಆಲ್ಪ್ಸ್ ಪರ್ವತದ ದಕ್ಷಿಣ ಮಗ್ಗುಲಿನ ಟಿಚಿನೋ ಪ್ರಾಂತ್ಯದ ರೈತರು ಅದನ್ನು ಹಂದರಕ್ಕೆ ಹಬ್ಬಿಸಿದರು. ಅದರಿಂದ ಕೆಂಪು ವೈನ್, ಗ್ರಾಪ್ಪಾ ಎಂಬ ಮದ್ಯ, ಜಾಮ್ ಮಾಡಿದರು. ಆದರೆ ಇಂದಿಗೂ ಅಲ್ಲಿ ಅದರ ಹೆಸರು ‘ಅಮೆರಿಕಾನಾ’. ತಲೆಮಾರುಗಳು ಕಳೆದರೂ ಬಂದವಳು ಬಂದವಳೇ.

ಫ್ರಾನ್ಸ್ ಇನ್ನೂ ಕಠಿಣವಾಯಿತು. 1930ರ ದಶಕದಲ್ಲಿ ವೈನ್ ಹೆಚ್ಚಾಗಿ ಬೆಲೆ ಕುಸಿದಾಗ, 1934ರ ಕಾನೂನು ಇಸಾಬೆಲ್ಲಾ ಸೇರಿ ಅಮೆರಿಕದ ರಕ್ತವಿದ್ದ ಆರು ತಳಿಗಳನ್ನು ನಿಷೇಧಿಸಿತು. ಈ ಹಣ್ಣಿನ ಗಾಢ ಪರಿಮಳವನ್ನು ವೈನ್ ಬಲ್ಲವರು ನರಿಯ ವಾಸನೆ ಎಂದು ಹಳಿದರು. ನಮ್ಮ ಕಥೆಯ ನರಿ ದ್ರಾಕ್ಷಿಯನ್ನು ಹುಳಿ ಎಂದು ದೂರಿತ್ತು. ಇಲ್ಲಿ ದ್ರಾಕ್ಷಿಯೇ ನರಿಯಾಯಿತು.

ಅದೇ ಬಳ್ಳಿ ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆ ಬೇರೆಯೇ ಬದುಕು ಕಂಡಿತು. ಆಲ್ಪ್ಸ್‌ನಲ್ಲಿ ಚಳಿಗೆ ಎಲೆ ಉದುರಿಸಿ ಮಲಗುವ ಬಳ್ಳಿಗೆ ಇಲ್ಲಿ ನಿದ್ದೆಯೇ ಇಲ್ಲ. ರೈತರು ಸವರಿದಂತೆಲ್ಲ ಚಿಗುರಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಅದಕ್ಕೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಒಂದು ದೇಶ ಹೊರಗಟ್ಟಿದ್ದನ್ನು ಇನ್ನೊಂದು ದೇಶ ತನ್ನ ನೆಲದ ಗುರುತಾಗಿ ದಾಖಲಿಸಿಕೊಂಡಿತು.

ಹಾಗಾದರೆ ‘ನಮ್ಮ ಕಡೀದು’ ಯಾವುದು? ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತರುವ ಮೊದಲು ಇದು ಜೋಳ, ಹತ್ತಿಯ ಸೀಮೆ. ಇಂದು ರಾಯಚೂರಿನ ಹೆಮ್ಮೆ ಸೋನಾ ಮಸೂರಿ ಅಕ್ಕಿ. ಅದರ ಹೆತ್ತ ತಳಿಗಳಲ್ಲಿ ಒಂದಾದ ಮಸೂರಿ 1965ರಲ್ಲಿ ಬಿಡುಗಡೆಯಾದದ್ದು ಮಲೇಶಿಯಾದಲ್ಲಿ.

ಬೀಜಕ್ಕೆ ಊರಿನ ಹೆಸರು ಬರುವುದು ಅದು ಹುಟ್ಟಿದ ಜಾಗದಿಂದಲ್ಲ, ಅದಕ್ಕೆ ನೀರು ಕಟ್ಟಿದವರಿಂದ. ಮನೆಗೆ ಬಂದು ಒಂದು ಹಣ್ಣು ಬಾಯಿಗಿಟ್ಟೆ. ಸಿಪ್ಪೆ ಸುಲಭವಾಗಿ ಕಳಚಿತು, ಬೀಜ ನಾಲಿಗೆಯ ಮೇಲೆ ಉಳಿಯಿತು.