ಬಿನೆ-ಕಾಮತ್ ಪರೀಕ್ಷೆಯ ಕಾಮತ್ ಯಾರು?

ಮಕ್ಕಳ ಬುದ್ಧಿಮಟ್ಟ ಅಳೆಯುವ ಬಿನೆ-ಕಾಮತ್ ಪರೀಕ್ಷೆಯ ಹೆಸರು ಕೇಳಿದ್ದೀರಾ? ಆಲ್ಫ್ರೆಡ್ ಬಿನೆ 1905ರಲ್ಲಿ ಪ್ಯಾರಿಸ್‌ನಲ್ಲಿ ಇಂಥ ಪರೀಕ್ಷೆ ತಯಾರಿಸಿದವರು. ಕಾಮತ್ ಅಂದ್ರೆ ನಮ್ಮ ಧಾರವಾಡದಲ್ಲಿದ್ದ ವಿ.ವಿ.ಕಾಮತ್! 1930ರ ದಶಕದಲ್ಲಿ ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಆಗ ರೋಣ, ನರಗುಂದ ಎಲ್ಲ ಧಾರವಾಡ ಜಿಲ್ಲೆಯವೇ. ಗದಗ ಜಿಲ್ಲೆಯಾಗಿದ್ದು 1997ರಲ್ಲಿ.

ನನಗೆ ಇದೆಲ್ಲ ಯಾಕೆ ಬೇಕಾಯ್ತು ಅಂದ್ರೆ, ಗಜೇಂದ್ರಗಡದಲ್ಲಿರುವ ಅಕ್ಕನ ಮಗ. "ಶ್ಯಾಣ್ಯಾ ಅದಾನ, ಲೆಕ್ಕ ಬಾಯಾಗ ಹೇಳ್ತಾನ. ಓದಾಕ ಕೊಟ್ರ ಒತ್ತಕ್ಷರದಾಗ ಸಿಕ್ಕೊಂತಾನ" ಅಂತಾಳೆ ಅಕ್ಕ. ಧಾರವಾಡಕ್ಕೆ ತೋರಿಸೋಣ ಅಂದ್ರೆ ಭಾವ ಹಿಂಜರಿಯುತ್ತಾರೆ. ಅಲ್ಲಿಯ ಮಾನಸಿಕ ಆಸ್ಪತ್ರೆ 1845ರದ್ದು, ಅದರ ಹೆಸರಿಗಂಟಿದ ಭಯವೂ ಅಷ್ಟೇ ಹಳೆಯದು.

ಬಿನೆ-ಕಾಮತ್ ಅಳೆಯೋದು ಬುದ್ಧಿಯನ್ನ, ಓದನ್ನಲ್ಲ. ಬುದ್ಧಿ ಚುರುಕಿದ್ದೂ ಓದು-ಬರಹ ಹಿಂದೆ ಬಿದ್ದರೆ ಬೇರೆ ಪರೀಕ್ಷೆ ಬೇಕು. ಅಂಥದ್ದೊಂದನ್ನು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದೆ. ಕಾನೂನಂತೂ ಇನ್ನೂ ನಿಧಾನ. 1995ರ ಅಂಗವಿಕಲರ ಕಾಯ್ದೆಯ 7 ಬಗೆಗಳಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ, 2016ರ ಕಾಯ್ದೆಯ 21ರಲ್ಲಿ ಸೇರಿತು. ಅಲ್ಲೀತನಕ ನಮ್ಮ ಕಡೆ ಇದಕ್ಕಿದ್ದ ಹೆಸರು "ದಡ್ಡ" ಒಂದೇ...

ಬುದ್ಧಿಯದ್ದಷ್ಟೇ ಅಲ್ಲ, ಓದು-ಬರಹದ ಪರೀಕ್ಷೆಯನ್ನೂ ಕೇಳಿ ಮಾಡಿಸು ಅಂತ ಅಕ್ಕನಿಗೆ ಹೇಳಿದ್ದೇನೆ.